ಕಿಟಕಿ ತೆಗೆಯೇ ಕಳ್ಳಿ

ಚರ್ಚಿನಲ್ಲಿ ಭಾನುವಾರದ ಆರಾಧನೆ ಮುಕ್ಕಾಲು ಮುಗಿದು, ಕರ್ತನ ಭೋಜನಕ್ಕೆ ಜನ ಸಾಲಾಗಿ ಮುಂದೆ ಹೋಗುತ್ತಿದ್ದಾಗ, ಆರ್ಗನ್ನಿನವನ ಕೈಗಳು ಅವನನ್ನು ಒಂದು ಮಾತೂ ಕೇಳದೆ ಹೋಟೆಲಿನ ಹಾಡು ನುಡಿಸತೊಡಗಿದವು. ತಪ್ಪು ಜನರ ಸಾಲಿನದೂ ಹೌದು. ಕೀರ್ತನೆಯ ಅಷ್ಟೂ ಚರಣ ಮುಗಿದರೂ ಅದು ಮುಗಿದಿರಲಿಲ್ಲ. ಅಯ್ಯನವರು, ಅಂದರೆ ಪಾಸ್ಟರು, ಸಭೆಗೆ ಹೊಸಬರು. ರೊಟ್ಟಿಯ ತುಣುಕು ಕೊಡುವಾಗ ಒಬ್ಬೊಬ್ಬರ ಮುಖವನ್ನೂ ಕಣ್ತುಂಬ ನೋಡಿ ಕೊಡುವವರು. ಅಂಥ ಹೊತ್ತಿನಲ್ಲಿ ಆರ್ಗನ್ನು ಸುಮ್ಮನಾಗುವ ಹಾಗಿಲ್ಲ. ಸುಮ್ಮನಾದರೆ ಜನರ ಕೆಮ್ಮು, ಚಪ್ಪಲಿಯ ಸರಬರ, ಹೊಟ್ಟೆಯ ಗುಡುಗುಡು ಎಲ್ಲ ದೇವರಿಗೆ ನೇರವಾಗಿ ಕೇಳಿಸಿಬಿಡುತ್ತದೆ. ಸಾಲು ಮುಗಿಯುವತನಕ ಹೆಸರಿಲ್ಲದ ಏನನ್ನಾದರೂ ಮೆಲ್ಲಗೆ ನುಡಿಸುತ್ತಿರಬೇಕು. ಅವನ ಅಪ್ಪ ಇದೇ ಬೆಂಚಿನ ಮೇಲೆ ಕೂತು ನಲವತ್ತು ವರ್ಷ ಹೆಸರಿಲ್ಲದ್ದನ್ನೇ ನುಡಿಸಿ ತೀರಿಕೊಂಡಿದ್ದ. ಮಗನ ಕೈಯಲ್ಲಿ ಈಗ ಬರುತ್ತಿದ್ದದ್ದಕ್ಕೆ ಹೆಸರಿತ್ತು. ‘ಕಿಟಕಿ ತೆಗೆಯೇ ಕಳ್ಳಿ’ ಎಂದು ಅದರ ಹೆಸರು.

ಗೊತ್ತಾದದ್ದು ಹಾಡಿನ ಮಧ್ಯದಲ್ಲಿ. ಆ ಹಾಡಿನಲ್ಲಿ ಪಲ್ಲವಿ ಮುಗಿದೊಡನೆ ಎರಡು ಮಾತ್ರೆ ಖಾಲಿ ಬಿಡಬೇಕು. ಕಿಟಕಿ ತಟ್ಟಿದ ಹಾಗೆ ಕೇಳುವವರು ಅಲ್ಲಿ ಎರಡು ಚಪ್ಪಾಳೆ ಹೊಡೆಯುತ್ತಾರೆ. ಕೈಗಳು ಶಿಸ್ತಾಗಿ ಎರಡು ಮಾತ್ರೆ ಖಾಲಿ ಬಿಟ್ಟವು. ಆ ಖಾಲಿಯಲ್ಲಿ ಅವನಿಗೆ ಎಚ್ಚರವಾಯಿತು. ಬೆನ್ನಿನುದ್ದಕ್ಕೂ ಬೆವರು ಇಳಿಯಿತು. ನಿಲ್ಲಿಸಿದರೆ ಇಡೀ ಸಭೆ ತಿರುಗಿ ನೋಡುತ್ತದೆ. ಮುಂದುವರಿಸಿದರೆ ದೇವರು ನೋಡುತ್ತಾನೆ. ದೇವರು ಹೇಗೂ ಮೊದಲಿಂದ ನೋಡುತ್ತಲೇ ಇದ್ದಾನೆ ಎಂದುಕೊಂಡು ಮುಂದುವರಿಸಿದ, ಇನ್ನೂ ನಿಧಾನ ಮಾಡಿ, ಪೆಡಲಿನಲ್ಲಿ ಒಂದು ಗಂಭೀರ ಸ್ವರ ಹಿಡಿದು. ನಿಧಾನ ಮಾಡಿದಷ್ಟೂ ಹಾಡಿಗೆ ಭಕ್ತಿ ಬರುತ್ತಿತ್ತು. ಕಳ್ಳಿ ಪಶ್ಚಾತ್ತಾಪಪಟ್ಟ ಹಾಗೆ ಕೇಳಿಸಿತು. ಆರ್ಗನ್ನಿನ ಮೇಲೆ ಅವನ ಅಪ್ಪ ಹಾಕಿಸಿದ ದುಂಡು ಕನ್ನಡಿಯೊಂದಿತ್ತು, ಸಭೆಗೆ ಬೆನ್ನು ಹಾಕಿ ಕೂರುವವನಿಗೆ ಹಿಂದೇನು ನಡೆಯುತ್ತಿದೆಯೆಂದು ಕಾಣಲಿ ಎಂದು. ಅದರಲ್ಲಿ ನೋಡಿದ. ಎಲ್ಲರೂ ತಲೆ ತಗ್ಗಿಸಿದ್ದರು. ಮೂರನೇ ಸಾಲಿನಲ್ಲಿ ಕೂತ ಸಭೆಯ ಹಿರಿಯರೊಬ್ಬರ ತಲೆ ಮಾತ್ರ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗುತ್ತಿತ್ತು. ಪ್ರಾರ್ಥನೆಯಲ್ಲಿ ಮೈಮರೆತಿದ್ದಾರೆ, ಎಂಥ ದೈವಭಕ್ತರು ಎಂದುಕೊಂಡು ಅವನಿಗೆ ತನ್ನ ಮೇಲೆ ಇನ್ನಷ್ಟು ಹೇಸಿಗೆಯಾಯಿತು.

ವಾರದ ದಿನಗಳಲ್ಲಿ ಅವನು ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವವನು. ಭಾನುವಾರ ಬೆಳಿಗ್ಗೆ ಆರ್ಗನ್ನಿನವನು. ಶನಿವಾರ ಸಂಜೆ ರೈಲ್ವೆ ಸ್ಟೇಷನ್ನಿನ ಎದುರಿನ ದೊಡ್ಡ ಹೋಟೆಲಿನ ಊಟದ ಹಾಲಿನಲ್ಲಿ ಕೀಬೋರ್ಡಿನವನು. ಅವನ ಹೆಂಡತಿ ಎರಡು ಅಂಗಿಗಳನ್ನು ಒಟ್ಟಿಗೇ ಇಸ್ತ್ರಿ ಮಾಡಿ ನೇತುಹಾಕುತ್ತಿದ್ದಳು, ಆರಾಧನೆಗೆ ಬಿಳಿಯದು, ಹೋಟೆಲಿಗೆ ಮಿರಿಮಿರಿ ಮಿಂಚುವ ನೀಲಿಯದು. ‘ದೇವರಿಗೆ ಬಿಳಿ, ಹೊಟ್ಟೆಗೆ ನೀಲಿ. ಇದರಲ್ಲಿ ಒದ್ದಾಡೋದೇನಿದೆ?’ ಎನ್ನುವುದು ಅವಳ ವಾದ. ಹೊಟ್ಟೆಗಾಗಿ ಮಾತ್ರ ಹೋಗುತ್ತಿದ್ದರೆ ಒದ್ದಾಡಬೇಕಿರಲಿಲ್ಲ ಎಂದು ಅವಳಿಗೆ ಹೇಗೆ ಹೇಳುವುದು? ನೀಲಿ ಅಂಗಿ ತೊಟ್ಟು ಆ ಪುಟ್ಟ ವೇದಿಕೆ ಹತ್ತುವಾಗ ಅವನ ಕಾಲು ಹಗುರವಾಗುತ್ತಿತ್ತು. ಅದೇ ಅವನ ಪಾಪ. ಅವನಿಗೆ ಅಲ್ಲಿ ಖುಷಿಯಾಗುತ್ತಿತ್ತು.

ಅಪ್ಪ ಗಡ್ಡ ಹೆರೆಯುವಾಗ ಮಾತ್ರ ಸಿಳ್ಳೆ ಹಾಕುತ್ತಿದ್ದ. ಅದೂ ಅರ್ಧ ಸಾಲು. ಯಾವ ಕೀರ್ತನೆಯದೂ ಅಲ್ಲದ ಅರ್ಧ ಸಾಲು. ಮಗ ಬಾಗಿಲಲ್ಲಿ ಕಾಣಿಸಿಕೊಂಡರೆ ಸಿಳ್ಳೆ ನಿಂತುಹೋಗಿ ಕೆನ್ನೆಯ ಮೇಲೆ ರಕ್ತದ ಗೆರೆ ಮೂಡುತ್ತಿತ್ತು. ಉಳಿದರ್ಧ ಏನು ಅಂತ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಪಕ್ಕದ ಮನೆಯ ಮದುವೆಗೆ ಬ್ಯಾಂಡಿನವರು ಬಂದಾಗ ಅಪ್ಪ ಎದ್ದು ಕಿಟಕಿಗಳನ್ನು ಹಾಕಿದ್ದ, ಒಂದೊಂದಾಗಿ, ಎಲ್ಲಕ್ಕಿಂತ ಚೆನ್ನಾಗಿ ಕೇಳಿಸುತ್ತಿದ್ದ ಕಿಟಕಿಯನ್ನು ಎಲ್ಲಕ್ಕಿಂತ ಕೊನೆಗೆ. ಅಪ್ಪನಿಗೂ ಮುಂಚೆ ಇದ್ದ ಆರ್ಗನ್ನಿನವರನ್ನು, ಸರ್ಕಸ್ಸಿನಲ್ಲಿ ನುಡಿಸಿದರೆಂದು ಸಭೆಯ ಕಮಿಟಿ ಬೆಂಚಿನಿಂದ ಎಬ್ಬಿಸಿ ಕಳಿಸಿತ್ತಂತೆ. ಅವರು ಆನೆಗೆ ನುಡಿಸಿದ್ದರು. ಆನೆಗಾದರೂ ಆತ್ಮ ಇಲ್ಲ, ಅದು ಕೆಡುವುದಿಲ್ಲ. ಅವನು ನುಡಿಸುತ್ತಿರುವುದು ಊಟ ಮಾಡುವ ಮನುಷ್ಯರಿಗೆ.

‘ಒಳ್ಳೇದಿತ್ತು ಕಣಪ್ಪ ಇವತ್ತಿನದು,’ ಎಂದು ಹಿಂದಿನಿಂದ ದನಿ ಬಂತು. ಆರಾಧನೆ ಮುಗಿದು ಜನ ಹೊರಗೆ ಹೋಗುತ್ತಿದ್ದರು. ದನಿ ಮೂರನೇ ಸಾಲಿನ ಆ ಹಿರಿಯರದ್ದು. ಕಮಿಟಿಯಲ್ಲಿ ಅವರದೇ ಮಾತು, ಕೀರ್ತನೆ ಹಾಡುವ ಕ್ವಾಯರಿನಲ್ಲಿ ಅವರದೇ ಮಂದ್ರ. ಆ ಕಂಠಕ್ಕಾಗಿ ಊರು ಅವರಿಗೆ ಹಂಡೆ ಹಿರಿಯರು ಎಂದು ಹೆಸರಿಟ್ಟಿತ್ತು. ಅವರು ಆರ್ಗನ್ನಿನ ಮರದ ಮೇಲೆ ಕೈಯಿಟ್ಟು, ‘ಇದು ದೇವರ ಆಸ್ತಿ. ಇದನ್ನು ಮುಟ್ಟೋ ಕೈ ಎಲ್ಲೆಲ್ಲೋ ಹೋಗಬಾರದು. ಜನ ಏನೇನೋ ಆಡ್ಕೋತಾರೆ,’ ಎಂದರು.

‘ಏನಂತ, ಹಿರಿಯರೇ?’

‘ಶನಿವಾರ ಅಂತಾರೆ. ಸ್ಟೇಷನ್ ಎದುರು ಅಂತಾರೆ. ನಾನು ನಂಬಲ್ಲಪ್ಪ. ನಿಮ್ಮಪ್ಪ ಎಂಥವರು. ಆದ್ರೆ ಮಾತು ಕಮಿಟಿಗೆ ಬಂದ್ರೆ ನನ್ನ ಕೈಲೂ ಏನಿಲ್ಲ, ಬೆಂಚು ಬಿಡಬೇಕಾಗುತ್ತೆ.’ ಅಷ್ಟು ಹೇಳಿ, ಅವನ ಭುಜ ತಟ್ಟಿ ಹೋದರು. ಎರಡು ಸಲ ತಟ್ಟಿದರು. ಯಾರು ಆಡಿಕೊಳ್ಳುತ್ತಾರೆ, ಅವರಿಗೆ ಹೇಗೆ ಗೊತ್ತು ಎಂದು ಕೇಳಬೇಕೆಂಬುದು ಅವನ ತಲೆಗೆ ಹೊಳೆಯಲೇ ಇಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ಅವನದು. ಅವನು ನಿಜವಾಗಿಯೂ ಹೆಗಲು ಮುಟ್ಟಿಕೊಂಡ. ಬೆಂಚು ಹೋದರೆ ತಾನು ಏನು? ಗಾಜು ಕೂರಿಸುವವನು. ಅಪ್ಪನ ಸೊಂಟ ಸವೆಸಿದ ಆ ಹಲಗೆಯ ಮೇಲೆ ಕೂತಾಗಷ್ಟೇ ಇನ್ನೂರು ಜನ ಅವನು ಉಸಿರೆಳೆದಾಗ ಉಸಿರೆಳೆಯುತ್ತಿದ್ದರು. ಬೇರೆಲ್ಲೂ ಯಾರೂ ಅವನಿಗಾಗಿ ಕಾಯುತ್ತಿರಲಿಲ್ಲ, ಮನೆಯಲ್ಲಿ ಊಟಕ್ಕೂ ಕೂಡ.

ಅಯ್ಯನವರು ಒಳಕೋಣೆಗೆ ಕರೆದಾಗ, ಆಯಿತು, ಇವತ್ತೇ ಮುಗಿಯಿತು ಎಂದುಕೊಂಡೇ ಹೋದ. ಅಯ್ಯನವರು ನಿಲುವಂಗಿ ಕಳಚುತ್ತಿದ್ದರು. ತಲೆ ಅದರೊಳಗೇ ಸಿಕ್ಕಿಕೊಂಡಿತ್ತು. ಅಲ್ಲಿಂದಲೇ, ‘ಭೋಜನದ ಹೊತ್ತಲ್ಲಿ ನುಡಿಸಿದ್ರಲ್ಲ, ಅದೇನು?’ ಎಂದು ಕೇಳಿದರು. ಬಟ್ಟೆಯೊಳಗಿಂದ ಬಂದ ಪ್ರಶ್ನೆಗೆ ಉತ್ತರಿಸುವುದು ಸುಲಭ ಎನಿಸಿ ಅವನು ಬಾಯಿ ತೆರೆದ. ಅಷ್ಟರಲ್ಲಿ ಅವರ ತಲೆ ಹೊರಬಂತು. ಮುಖ ತುಂಬ ಬೆಳಕು. ‘ನನಗೆ ಕಣ್ಣಲ್ಲಿ ನೀರು ಬಂತು. ಒಂದು ಕಡೆ ಸುಮ್ಮನಾಗ್ತೀರಲ್ಲ, ಯಾರೋ ಬಾಗಿಲು ತಟ್ಟಿ, ತೆಗೀತಾರಾ ಅಂತ ಕಾಯ್ತಿರೋ ಹಾಗಿತ್ತು. ಕರ್ತನು ನಮ್ಮ ಹೃದಯದ ಬಾಗಿಲು ತಟ್ಟೋದೂ ಹೀಗೇ ಅಲ್ವಾ?’

‘ಬಾಗಿಲಲ್ಲ ಅಯ್ಯನವರೇ, ಕಿಟಕಿ,’ ಎಂಬುದು ಅವನ ನಾಲಿಗೆಯ ತುದಿಗೆ ಬಂದು ನಿಂತಿತು. ‘ಹೌದು,’ ಎಂದ.

‘ನಿಮ್ಮದೇ ರಚನೆ ಅಂತ ಕಾಣುತ್ತೆ. ಮುಂದಿನ ತಿಂಗಳು ಬಿಷಪ್ಪರು ಬರ್ತಾರೆ. ಅದಕ್ಕೆ ಮಾತು ನಾನು ಬರೀತೀನಿ. ಬುಧವಾರ ಕ್ವಾಯರಿಗೆ ಕಲಿಸೋಣ.’ ಅಯ್ಯನವರು ಬರೆದ ಕೀರ್ತನೆಗಳನ್ನು ಸಭೆ ಅದಾಗಲೇ ಎರಡು ಸಲ ಸಹಿಸಿಕೊಂಡಿತ್ತು. ಅವನು ಮತ್ತೆ ‘ಹೌದು’ ಎಂದ. ಎರಡನೆಯ ಹೌದು ಮೊದಲಿನದಕ್ಕಿಂತ ಸಲೀಸಾಗಿ ಬಂತು. ಪಾಪದ ದಾರಿ ಇಳಿಜಾರು ಎಂದು ಅಪ್ಪ ಹೇಳುತ್ತಿದ್ದದ್ದು ಸುಳ್ಳಲ್ಲ.

ಹೊರಗೆ ಗಂಟೆಗೋಪುರದ ಕೆಳಗೆ ಗಂಟೆಯಪ್ಪ ಬೀಡಿ ಸೇದುತ್ತ ಕೂತಿದ್ದ. ಭಾನುವಾರ ಗಂಟೆ ಹೊಡೆಯುವವನೂ ಅವನೇ, ಶನಿವಾರ ಹೋಟೆಲಿನಲ್ಲಿ ಡ್ರಮ್ಸ್ ಬಾರಿಸುವವನೂ ಅವನೇ. ಆರ್ಗನ್ನಿನವನಿಗೆ ಇರುವ ಮನಸ್ಸಾಕ್ಷಿಯಲ್ಲಿ ಕಾಲು ಭಾಗ ಅವನಿಗಿದ್ದಿದ್ದರೂ ಇಬ್ಬರ ಬಾಳೂ ಹದವಾಗಿರುತ್ತಿತ್ತು. ‘ಒಳಗಡೆ ಕಳ್ಳಿ ಬಂದುಬಿಟ್ಟಳು ಇವತ್ತು,’ ಎಂದು ನಕ್ಕ. ‘ನಾನು ಹಗ್ಗ ಹಿಡ್ಕೊಂಡಿದ್ದೆ. ಇನ್ನೇನು ಎರಡೇಟು ಹೊಡೀಬೇಕು, ತಡ್ಕೊಂಡೆ ಸಾರ್.’

‘ನಿನಗೆ ನಾಚಿಕೆ ಆಗಲ್ವೇನೋ?’

‘ಬಾರಿಸೋದು ಬಾರಿಸೋದೇ ಅಲ್ವಾ ಸಾರ್? ಗಂಟೆ ಹೊಡೆದ್ರೆ ಜನ ಬರ್ತಾರೆ. ಡ್ರಮ್ಸ್ ಹೊಡೆದ್ರೆ ಬಂದವರು ಕೂತ್ಕೋತಾರೆ.’ ಇವನ ಹತ್ತಿರ ಮಾತಾಡುವುದು ಗೋಡೆಗೆ ತಲೆ ಚಚ್ಚಿಕೊಂಡ ಹಾಗೆ ಎನಿಸಿ ಅವನು ಮನೆಗೆ ಹೋದ.

ಹೆಂಡತಿ ಎಲ್ಲ ಕೇಳಿಸಿಕೊಂಡಳು. ಕೇಳಿಸಿಕೊಳ್ಳುತ್ತಲೇ ಎರಡು ಸಲ ಬಾಯಿಗೆ ಸೆರಗು ಮುಚ್ಚಿಕೊಂಡಳು. ದುಃಖಕ್ಕೆ ಎಂದುಕೊಂಡ, ಅವಳ ಭುಜ ಕುಲುಕುತ್ತಿರುವುದು ಕಂಡ ಮೇಲೆ ಬೇಸರವಾಯಿತು. ‘ಹೇಳಿಬಿಡಿ ಹೋಗಿ. ಏನು, ತಲೆ ತೆಗೀತಾರಾ?’ ಎಂದಳು. ಆದರೆ ಸೋಮವಾರವೂ ಹೇಳಲಿಲ್ಲ, ಮಂಗಳವಾರವೂ ಇಲ್ಲ. ಅಂಗಡಿಯಲ್ಲಿ ಗಿರಾಕಿಗಳನ್ನು ಅಕ್ಷರದ ಹಲಗೆಯ ಮುಂದೆ ಕೂರಿಸಿ, ಗಾಜು ಬದಲಿಸುತ್ತ, ‘ಮೊದಲಿನದು ಚೆನ್ನಾಗಿತ್ತಾ, ಈಗಿನದಾ?’ ಎಂದು ಕೇಳುತ್ತಿದ್ದ. ಕೇಳುತ್ತ ಕೇಳುತ್ತ ಪ್ರಶ್ನೆ ತನಗೇ ಕೇಳಿದ ಹಾಗಾಗಿ ಗಾಜು ಹಿಡಿದು ನಿಂತುಬಿಡುತ್ತಿದ್ದ. ನಡುವೆ ಬಿಡುವಾದಾಗ ಗಲ್ಲಾದ ಮೇಲೆ ಬೆರಳುಗಳು ತಾವಾಗಿಯೇ ಕುಣಿಯುತ್ತಿದ್ದವು. ಅವನು ಅವನ್ನು ಜೇಬಿಗೆ ತುರುಕಿದ. ಅಲ್ಲೂ ಅವು ಸುಮ್ಮನಿರಲಿಲ್ಲ. ಎರಡೂ ಕೈ ಜೇಬಿನಲ್ಲಿಟ್ಟು ನಿಂತವನನ್ನು ಕಂಡು ಮಾಲೀಕರು, ‘ಏನಯ್ಯ, ನಾನು ಮಾಲೀಕನೋ ನೀನೋ?’ ಎಂದರು.

ಬುಧವಾರ ಸಂಜೆ ಕ್ವಾಯರು ಸೇರಿತು. ಅಯ್ಯನವರ ಹೊಸ ಮಾತುಗಳು ಎಲ್ಲರ ಕೈಗೂ ಬಂದವು: ‘ಕದವ ತೆರೆ ಎಲೆ ಮನವೇ.’ ಮಾತು ಅಳತೆಗೆ ಸರಿಯಾಗಿ ಕೂತಿತ್ತು. ಅವನು ಒಂದು ಸಲ ನುಡಿಸಿ ತೋರಿಸಿದ. ಸಾಮಾನ್ಯವಾಗಿ ಈ ಕ್ವಾಯರಿಗೆ ಒಂದು ಸಾಲು ಕೂರಿಸಲು ಅರ್ಧ ಗಂಟೆ ಬೇಕು. ಮಂದ್ರದವರು ಎಲ್ಲೋ, ತಾರದವರು ಎಲ್ಲೋ. ಇವತ್ತು ಮೊದಲ ಸಲಕ್ಕೇ ಇಪ್ಪತ್ತು ಜನ ಒಂದೇ ಬಾಯಾಗಿ ಹಾಡಿದರು. ಅಯ್ಯನವರು ಕೈಯಾಡಿಸುತ್ತ ಬೆರಗಾದರು. ಪಲ್ಲವಿ ಮುಗಿಯಿತು. ಖಾಲಿ ಜಾಗ ಬಂತು. ಆ ಖಾಲಿಯೊಳಗೆ ಪಟ್, ಪಟ್ ಎಂದು ಎರಡು ಚಪ್ಪಾಳೆ ಬಿದ್ದವು. ಒಬ್ಬರದಲ್ಲ, ಇಬ್ಬರದಲ್ಲ. ಅವನು ಕನ್ನಡಿಯಲ್ಲಿ ನೋಡಿದ. ತಾರಸ್ವರದ ಸಾಲಿನ ತುದಿಯಲ್ಲಿ ನಿಲ್ಲುವ, ಶಾಲೆಯಿಂದ ನಿವೃತ್ತರಾದ ಹೆಡ್‌ಮಿಸ್ಸು ತಮ್ಮ ಎರಡು ಕೈಗಳನ್ನು ಇವು ಯಾರವು ಎನ್ನುವ ಹಾಗೆ ನೋಡುತ್ತಿದ್ದರು.

‘ಎಷ್ಟು ಚೆನ್ನಾಗಿ ಅರ್ಥ ಮಾಡ್ಕೊಂಡಿದೀರಿ ನೀವೆಲ್ಲ,’ ಎಂದರು ಅಯ್ಯನವರು. ‘ಬಾಗಿಲು ತಟ್ಟೋ ಶಬ್ದ. ನಾನು ಹೇಳೇ ಇರಲಿಲ್ಲ.’

ಅವನಿಗೆ ನಿಧಾನವಾಗಿ, ಗಾಜು ಬದಲಿಸಿದ ಮೇಲೆ ಅಕ್ಷರ ಮೂಡುವ ಹಾಗೆ, ವಿಷಯ ಮೂಡತೊಡಗಿತು. ಹೋಟೆಲಿನ ವೇದಿಕೆಯ ಮೇಲೆ ದೀಪ ನೇರವಾಗಿ ಕಣ್ಣಿಗೇ ಬೀಳುತ್ತದೆ. ಆಚೆಗಿನ ಮೇಜುಗಳು ಬರೀ ಕತ್ತಲು. ಆ ಕತ್ತಲಲ್ಲಿ ಯಾರು ಕೂತು ಉಣ್ಣುತ್ತಾರೆ ಎಂದು ಅವನು ಈವರೆಗೆ ಕಂಡವನಲ್ಲ. ಪರಲೋಕಕ್ಕೆ ಸಂಬಂಧವಿಲ್ಲದ ಯಾರೋ ಜನ ಎಂದುಕೊಂಡಿದ್ದ. ಈ ಹೆಡ್‌ಮಿಸ್ಸು? ಆ ಮಂದ್ರದವರು? ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡು ಸಾಕಿದ ತನ್ನ ಒಬ್ಬನ ಪಾಪಕ್ಕೆ ಇಷ್ಟೊಂದು ಜನ ಪಾಲುದಾರರೇ? ಹಗುರವಾಗಬೇಕಿತ್ತು. ಆಗಲಿಲ್ಲ. ಏನೋ ಕಳಕೊಂಡ ಹಾಗಾಯಿತು, ಸ್ವಲ್ಪ ಅವಮಾನವೂ ಆಯಿತು. ಆ ಗಲಿಬಿಲಿಯಲ್ಲಿ ಎರಡನೆಯ ಸಲ ನುಡಿಸುವಾಗ ತೀರಾ ನಿಧಾನ ಮಾಡಿದ. ಮಂದ್ರದ ಸಾಲಿನಿಂದ ಹಂಡೆ ಹಿರಿಯರಿಗೆ ತಡೆದುಕೊಳ್ಳಲಾಗಲಿಲ್ಲ.

‘ಎಳೀಬೇಡಪ್ಪ, ಉಸಿರು ನಿಲ್ಲಲ್ಲ. ಅಲ್ಲಿ ಇಷ್ಟು ಎಳೆಯೋದಿಲ್ವಲ್ಲ ನೀನು.’

ಹಿರಿಯರ ಬಾಯಿ ಇನ್ನೂ ಅರ್ಧ ತೆರೆದೇ ಇತ್ತು. ಆಡಿದ ಮಾತನ್ನು ಒಳಗೆ ಎಳೆದುಕೊಳ್ಳಲು ದಾರಿ ಬಿಟ್ಟ ಹಾಗೆ. ‘ಅಲ್ಲಿ ಅಂದ್ರೆ?’ ಎಂದು ಅಯ್ಯನವರು ಸಹಜವಾಗಿ ಕೇಳಿದರು. ಹಿರಿಯರು ಹಾಡಿನ ಹಾಳೆಯನ್ನು ಮುಖದ ಮಟ್ಟಕ್ಕೆ ಎತ್ತಿದರು. ಇಪ್ಪತ್ತು ಹಾಳೆಗಳೂ ಎದ್ದವು.

ಕನ್ನಡಿಯಲ್ಲಿ ಇಪ್ಪತ್ತು ಹಾಳೆ, ನಡುವೆ ಅಯ್ಯನವರದೊಂದೇ ಮುಖ. ಒಂದು ಮಾತು ಆಡಿದರೆ ಸಾಕು, ಹಂಡೆ ಹಿರಿಯರ ಹಂಡೆ ಬೋರಲು. ಭಾನುವಾರ ಹೆಗಲು ತಟ್ಟಿದ ಕೈ ಶನಿವಾರ ಎಲ್ಲಿ ಚಪ್ಪಾಳೆ ತಟ್ಟುತ್ತಿತ್ತು ಎಂದು ಅಯ್ಯನವರಿಗೆ ತಿಳಿಸಿಬಿಡಬಹುದು. ಅವನಿಗೆ ಆಸೆಯಾಯಿತು, ಸುಳ್ಳೇಕೆ, ತುಂಬಾ ಆಸೆಯಾಯಿತು. ಆದರೆ ಎದ್ದು ನಿಂತಾಗ ಬಾಯಿಂದ ಬಂದದ್ದು, ‘ಹೋಟೆಲಿನಲ್ಲಿ, ಅಯ್ಯನವರೇ. ಶನಿವಾರ ನಾನು ಅಲ್ಲಿ ನುಡಿಸ್ತೀನಿ. ಈ ಧಾಟಿ ನನ್ನದಲ್ಲ. ಅಲ್ಲಿನ ಹಾಡು.’ ಒಳ್ಳೆಯತನದಿಂದ ಆಡಿದ್ದಲ್ಲ ಅದು. ಪಾಪ ತನ್ನದೆಂದು ತಾನೇ ಹೇಳದಿದ್ದರೆ ಅದೂ ಹಿರಿಯರ ಪಾಲಾಗುತ್ತದಲ್ಲ ಎಂಬ ಹೊಟ್ಟೆಕಿಚ್ಚೇ ಹೆಚ್ಚಾಗಿತ್ತು.

ಅಯ್ಯನವರು ತಾವು ಬರೆದ ಹಾಳೆಯ ಮೇಲೆ ಬೆರಳಿಟ್ಟು ಕೇಳಿದರು: ‘ಅದರ ಮಾತು ಏನು?’

‘ಇಲ್ಲಿ ಬೇಡ ಅಯ್ಯನವರೇ.’

‘ಹೇಳಿ.’

ಅವನು ಅಂಗಿಯ ತುದಿ ಎಳೆದುಕೊಂಡು, ಬೈಬಲ್ಲಿನ ವೇದಪಾಠ ಓದುವ ದನಿಯಲ್ಲಿ ಹೇಳಿದ: ‘ಕಿಟಕಿ ತೆಗೆಯೇ ಕಳ್ಳಿ. ನಿಮ್ಮಪ್ಪ ಮಲಗಿದ್ದಾನೆ ಪಡಸಾಲೆಯಲ್ಲಿ.’

‘ಅಟ್ಟದಲ್ಲಿ,’ ಎಂದು ಒಂದು ಹಾಳೆಯ ಹಿಂದಿನಿಂದ ಹೆಡ್‌ಮಿಸ್ಸಿನ ದನಿ ತಿದ್ದಿತು. ಅವರು ಮೂವತ್ತು ವರ್ಷ ತಪ್ಪು ಕೇಳಿಸಿದ ಕೂಡಲೇ ತಿದ್ದಿದವರು. ಕಿವಿಗೂ ನಾಲಿಗೆಗೂ ನಡುವೆ ತಡೆ ಇರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಗಂಟೆಯಪ್ಪ ಕೆಮ್ಮಿಕೊಂಡು ಹೊರಗೆ ಹೋದ.

ಅಯ್ಯನವರು ಕನ್ನಡಕ ತೆಗೆದು ಒರೆಸಿದರು. ಅವನೇ ಗಾಜು ಕೂರಿಸಿದ ಕನ್ನಡಕ. ಅದಿಲ್ಲದ ಅವರ ಮುಖ ತೀರಾ ಹುಡುಗನದು. ಪಾಸ್ಟರಾಗುವವರ ಹಾಸ್ಟೆಲಿನಿಂದ ನೇರವಾಗಿ ಇಲ್ಲಿಗೆ ಬಂದವರು, ನಡುವೆ ಎಲ್ಲೂ ಇಳಿದು ಚಹಾ ಕೂಡ ಕುಡಿದವರಲ್ಲ ಎನಿಸಿತು. ‘ನೋಡದೆ ತೀರ್ಪು ಕೊಡೋದು ಸರಿಯಲ್ಲ,’ ಎಂದರು. ‘ಶನಿವಾರ ನಾನೇ ಬರ್ತೀನಿ. ಕೇಳ್ತೀನಿ. ಆಮೇಲೆ ನೀವು ಈ ಬೆಂಚಿನ ಮೇಲೆ ಇರಬೇಕೋ ಬೇಡವೋ ನಾನೇ ಹೇಳ್ತೀನಿ. ಕಮಿಟಿಗೆ ಬೇಡ.’ ಕಮಿಟಿಗೆ ಬೇಡ ಎಂದಾಗ ಒಂದೆರಡು ಹಾಳೆಗಳು ನೆಮ್ಮದಿಯಿಂದ ಕೆಳಗಿಳಿದವು. ‘ಈಗ ಹಾಡಿ. ಧಾಟಿ ಏನು ತಪ್ಪು ಮಾಡಿದೆ? ಚಪ್ಪಾಳೆ ಮಾತ್ರ ಬೇಡ. ಆ ಜಾಗದಲ್ಲಿ ಆಮೆನ್ ಅನ್ನಿ.’ ಹಾಡಿದರು. ಕೈಗಳು ಮತ್ತೆ ಮತ್ತೆ ಏಳುತ್ತಿದ್ದವು. ಅಯ್ಯನವರು ಮತ್ತೆ ಮತ್ತೆ ನಿಲ್ಲಿಸಿ, ತಾವೇ ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಎಂದು ತೋರಿಸಿದರು. ಕೊನೆಗೆ ಆ ಆಮೆನ್ ಗೋಡೆಗಳಿಗೂ ಬಾಯಿಪಾಠವಾಗುವಷ್ಟಾಯಿತು. ಮನೆಗೆ ಹೋಗುವಾಗ ಒಬ್ಬರೂ ಅವನ ಜೊತೆ ಮಾತಾಡಲಿಲ್ಲ. ಹಂಡೆ ಹಿರಿಯರು ಮಾತ್ರ ಗೇಟಿನ ಹತ್ತಿರ ನಿಂತು ಏನೋ ಹೇಳಹೊರಟು, ‘ಮೋಡ ಆಗಿದೆ,’ ಎಂದರು. ಆಕಾಶ ಶುಭ್ರವಾಗಿತ್ತು.

ಶನಿವಾರ ಅವನು ನೀಲಿ ಅಂಗಿಯ ಗುಂಡಿಗಳನ್ನು ಒಂದು ಕಾಜಾ ಬಿಟ್ಟು ಹಾಕಿಕೊಂಡ. ಹೆಂಡತಿ ಬಿಚ್ಚಿ ತಾನೇ ಹಾಕಿದಳು. ‘ಬೆಂಚು ಹೋದ್ರೆ?’ ಎಂದ. ‘ಹೋದ್ರೆ ಹೋಗುತ್ತೆ,’ ಎಂದವಳು, ಕೊನೆಯ ಗುಂಡಿ ಹಾಕಿ, ‘ಹೋಗಬಾರದು,’ ಎಂದು ಮುಖ ತಿರುಗಿಸಿಕೊಂಡಳು. ಅವಳೂ ಆ ಬೆಂಚನ್ನೇ ನೆಚ್ಚಿದ್ದಳೆಂದು ಅವನಿಗೆ ಗೊತ್ತಿರಲಿಲ್ಲ. ದಾರಿಯುದ್ದಕ್ಕೂ ಅದನ್ನೇ ಯೋಚಿಸಿದ.

ವೇದಿಕೆ ಹತ್ತಿ ಕತ್ತಲಿನತ್ತ ಕಣ್ಣು ಕಿರಿದು ಮಾಡಿ ನೋಡಿದ. ಚಮಚಗಳ ಸದ್ದು ಬಿಟ್ಟು ಏನೂ ಇಲ್ಲ. ‘ಅಯ್ಯನವರು ಬಂದಿದಾರಾ ಸಾರ್?’ ಎಂದ ಗಂಟೆಯಪ್ಪ.

‘ಕಾಣಿಸ್ತಿಲ್ಲ.’

‘ಕಾಣಿಸಿಲ್ಲ ಅಂದ್ರೆ ಇಲ್ಲ ಅಂತಲ್ಲವಲ್ಲ. ದೇವರ ವಿಷಯಾನೂ ಹಾಗೇ ಅಲ್ವಾ?’

ಅವನು ಸಾಧುವಾದ ಹಾಡುಗಳನ್ನೇ ಆರಿಸಿ ನುಡಿಸಿದ. ತಾಯಿಯ ಬಗ್ಗೆ ಒಂದು, ಹೂವಿನ ಬಗ್ಗೆ ಒಂದು. ಬೆನ್ನು ನೆಟ್ಟಗೆ, ಮುಖ ಗಂಭೀರ. ಹೋಟೆಲಿನ ಮ್ಯಾನೇಜರು ಬಂದು ಕಿವಿಯಲ್ಲಿ, ‘ಯಾರು ಸತ್ತಿದ್ದಾರೆ ಇವತ್ತು? ಜನ ಊಟ ಬಿಟ್ಟು ಏಳ್ತಿದಾರೆ. ಕಳ್ಳಿ ನುಡಿಸಿ,’ ಎಂದು ಹೇಳಿಹೋದರು. ಇಲ್ಲ ಎನ್ನಬಹುದಿತ್ತು. ಇಲ್ಲ ಎಂದರೆ ಬೆಂಚು ಉಳಿಯಬಹುದು. ಅವನು ಹಾಡನ್ನು ಆದಷ್ಟು ನಿಧಾನಕ್ಕೆ, ಆರಾಧನೆಯ ಲೆಕ್ಕದಲ್ಲಿ ಶುರುಮಾಡಿದ. ಒಂದು ಸಾಲು ಆಗಿರಲಿಲ್ಲ, ಹಿಂದಿನಿಂದ ಗಂಟೆಯಪ್ಪ ಡ್ರಮ್ಸಿನ ಮೇಲೆ ಕೋಲು ಬಿಟ್ಟ. ಹಾಡು ಲಗಾಮು ಕಿತ್ತುಕೊಂಡು ಓಡಿತು. ಕೈಗಳು ಅದರ ಹಿಂದೆ ಓಡಿದವು. ಅವನೂ ಹೋದ, ಬೇರೆ ದಾರಿಯಿರಲಿಲ್ಲ. ಹೋಗುತ್ತ ಹೋಗುತ್ತ ಭಯ ಎಲ್ಲೋ ಬಿದ್ದುಹೋಯಿತು. ಅವನಿಗೆ ಖುಷಿಯಾಯಿತು. ಯಾರು ನೋಡುತ್ತಿದ್ದರೆ ನೋಡಲಿ, ಖುಷಿಯಾಗಿದ್ದೇನೆ, ಅಯ್ಯನವರೇ ನೋಡಿ, ಅಪ್ಪಾ ನೀನೂ ನೋಡು ಎಂದು ಬೆರಳುಗಳೇ ಕೂಗಿ ಹೇಳುತ್ತಿರುವ ಹಾಗಿತ್ತು. ತಲೆ ತೂಗುತ್ತಿತ್ತು. ಕಾಲು ಕುಣಿಯುತ್ತಿತ್ತು. ಪಲ್ಲವಿ ಮುಗಿದು ಖಾಲಿ ಜಾಗ ಬಂತು. ಅವನು ಕೈ ಎತ್ತಿದ.

‘ಆಮೆನ್.’

ಚಪ್ಪಾಳೆಗಳ ನಡುವೆ ಆ ದನಿ ಸ್ವಚ್ಛವಾಗಿ ಕೇಳಿಸಿತು. ಗಟ್ಟಿಯಾದ, ತರಬೇತಾದ, ಪ್ರತಿ ಭಾನುವಾರ ಅವನ ಬೆನ್ನಿಗೆ ಬಡಿಯುವ ದನಿ. ಬುಧವಾರದ ಅಭ್ಯಾಸ ಹೇಳಿಸಿತ್ತು ಅದನ್ನು. ಹೇಳಿದವರಿಗೇ ಗೊತ್ತಾಗದೆ ಹೊರಟ ಮಾತು. ಒಂದೆರಡು ಮೇಜುಗಳಲ್ಲಿ ಜನ ಗೊಳ್ಳೆಂದು ನಕ್ಕರು. ಕತ್ತಲಲ್ಲಿ ಒಂದು ಕುರ್ಚಿ ಕಿರ್ರೆಂದಿತು. ಅಯ್ಯನವರ ಆ ಹುಡುಗು ಮುಖ, ಕೆಂಪಾದ ಕಿವಿ, ಎದ್ದು ಹೋಗಲೋ ಕೂರಲೋ ಎಂದು ಮೇಜಿನಂಚು ಹಿಡಿದ ಕೈ ಅವನಿಗೆ ಕಾಣಿಸದಿದ್ದರೂ ಎಲ್ಲ ಗೊತ್ತಾಯಿತು. ಕೈಯೋ ಬಾಯೋ ತನ್ನ ಮಾತು ಕೇಳದೆ ಹೋದಾಗ ಬೆನ್ನಲ್ಲಿ ಇಳಿಯುವ ಬೆವರು ಎಂಥದೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹಾಡು ನಿಲ್ಲಲಿಲ್ಲ. ಚರಣ ಆಯಿತು, ಮತ್ತೆ ಪಲ್ಲವಿ ಬಂತು. ಈ ಸಲ ಅವನು ಕೈ ಎತ್ತಿ, ಗಂಟೆಯಪ್ಪನಿಗೂ ಕಣ್ಣಲ್ಲೇ ತಡೆ ಎಂದು ಹೇಳಿ, ಇರಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು ಕಾದ. ಕತ್ತಲೊಳಗಿಂದ ಅದೇ ದನಿ, ಯಾವ ಅವಸರವೂ ಇಲ್ಲದೆ, ಬೇಕೆಂದೇ, ಇನ್ನೊಮ್ಮೆ ಹೇಳಿತು.